ಆಡಾಸಿಟಿ ಯಾರದು?

ಪುಣೆಯಲ್ಲಿ ಎರಡು ಮೂರು ತಲೆಮಾರಿನಿಂದ ನೆಲೆಸಿರುವ ಧಾರವಾಡ, ಗದಗ, ಹುಬ್ಬಳ್ಳಿ ಕಡೆಯ ಮನೆಗಳಲ್ಲಿ, ಅದರಲ್ಲೂ ಸಂಗೀತದ ಗೀಳಿದ್ದ ಹಿರಿಯರು ಬಾಳಿಹೋದ ಮನೆಗಳಲ್ಲಿ, ಕ್ಯಾಸೆಟ್ಟುಗಳು ತುಂಬಿದ ಒಂದು ಟ್ರಂಕು ಅಟ್ಟದ ಮೇಲೆ ಸಿಗುವುದು ಅಪರೂಪವಲ್ಲ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಬಳಿಕ ಅವರ ಶಿಷ್ಯ ಭೀಮಸೇನ ಜೋಶಿಯವರು ಮುಂದೆ ನಿಂತು 1953ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದ ಸಂಗೀತೋತ್ಸವ ಎಲ್ಲರಿಗೂ ಗೊತ್ತಿರುವಂಥದ್ದು. ಆದರೆ ವಾಡೆಗಳ ನಡುಮನೆಗಳಲ್ಲಿ ಮೂವತ್ತು ನಲವತ್ತು ಜನರೆದುರು ರಾತ್ರಿಯಿಡೀ ನಡೆದ ಬೈಠಕ್‌ಗಳಿಗೆ ಈ ಟ್ರಂಕುಗಳ ಹೊರತು ಬೇರೆ ದಾಖಲೆಯಿಲ್ಲ. ಪುಣೆಯ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ ಡೆಕ್ಕುಗಳನ್ನು ರಿಪೇರಿ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವ ಕೆಲಸವನ್ನು ಮುಂದೂಡುವಂತಿಲ್ಲ.

ಕೊತ್ರೂಡಿನ ನಮ್ಮ ಮನೆಯಲ್ಲಿ ದೊಡ್ಡಪ್ಪ ಬಿಟ್ಟುಹೋದ ಕ್ಯಾಸೆಟ್ಟುಗಳನ್ನು ಹೀಗೆ ಇಳಿಸಿದ್ದು, ಧ್ವನಿಯನ್ನು ಮುದ್ರಿಸಿ ಕತ್ತರಿಸಿ ಜೋಡಿಸುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ. ದುಡ್ಡು ಕೊಡಬೇಕಿಲ್ಲ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಈ ಕೆಲಸಕ್ಕೆ ಕೈಹಾಕಿದ ನಮ್ಮವರಲ್ಲಿ ಬಹುಪಾಲು ಜನ ಬಳಸುವುದೂ ಇದನ್ನೇ. 2021ರ ಜುಲೈನಲ್ಲಿ ಧಾರವಾಡದಿಂದ ಚಿಕ್ಕಪ್ಪನ ಫೋನು ಬಂತು: "ಅದನ್ನ ತಗದ ಹಾಕು, ಅದು ಸ್ಪೈವೇರ್ ಆಗೇದಂತ." ಸ್ಪೈವೇರ್ ಅಂದರೆ ಬಳಸುವವರ ಮಾಹಿತಿಯನ್ನು ಗುಟ್ಟಾಗಿ ಕದಿಯುವ ತಂತ್ರಾಂಶ. ಸುದ್ದಿ ಪೂರ್ತಿ ನಿಜವಾಗಿರಲಿಲ್ಲ, ಪೂರ್ತಿ ಸುಳ್ಳೂ ಆಗಿರಲಿಲ್ಲ. ಇಪ್ಪತ್ತು ವರ್ಷ ಯಾರೂ ಕೇಳದಿದ್ದ ಒಂದು ಪ್ರಶ್ನೆ ಆ ವರ್ಷ ಎಲ್ಲರ ಬಾಯಿಗೆ ಬಂದಿತ್ತು: ಈ ತಂತ್ರಾಂಶ ಯಾರದು? ಅದಕ್ಕೆ ಉತ್ತರ ಬೇಕಾದರೆ ಅದನ್ನು ಕಟ್ಟಿದವರಿಂದಲೇ ಆರಂಭಿಸಬೇಕು.

1999ರ ಶರತ್ಕಾಲದಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಎಂಬ ಸಂಶೋಧನ ವಿದ್ಯಾರ್ಥಿಯೂ ರೋಜರ್ ಡ್ಯಾನೆನ್‌ಬರ್ಗ್ ಎಂಬ ಪ್ರಾಧ್ಯಾಪಕರೂ ಸೇರಿ ಇದನ್ನು ಆರಂಭಿಸಿದರು. ಡ್ಯಾನೆನ್‌ಬರ್ಗ್ ಕಂಪ್ಯೂಟರ್ ವಿಜ್ಞಾನಿ ಮಾತ್ರವಲ್ಲ, ಟ್ರಂಪೆಟ್ ವಾದಕರೂ ಹೌದು; ಧ್ವನಿಯನ್ನು ಹುಟ್ಟಿಸುವುದಕ್ಕೂ ಮಾರ್ಪಡಿಸುವುದಕ್ಕೂ ಅವರು ರೂಪಿಸಿದ ನೈಕ್ವಿಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಂದಿಗೂ ಆಡಾಸಿಟಿಯೊಳಗೆ ಕೆಲಸ ಮಾಡುತ್ತಿದೆ. ಎಲ್ಲರ ಕೈಗೂ ಒಂದು ರೆಕಾರ್ಡಿಂಗ್ ಸ್ಟುಡಿಯೋ ಕೊಡಬೇಕೆಂಬುದು ಮೊದಲಿನ ಉದ್ದೇಶವಾಗಿರಲಿಲ್ಲ. ಧ್ವನಿಯನ್ನು ವಿಶ್ಲೇಷಿಸುವ ತಮ್ಮ ಪ್ರಯೋಗಗಳ ಫಲಿತಾಂಶವನ್ನು ಪರದೆಯ ಮೇಲೆ ಅಲೆಯಾಗಿ ನೋಡಿ ಸರಿತಪ್ಪು ತಿಳಿಯುವ ಸಾಧನವೊಂದು ಅವರಿಗೆ ಬೇಕಿತ್ತು. 2000ದ ಮೇ ತಿಂಗಳಲ್ಲಿ 0.8 ಎಂಬ ಸಂಖ್ಯೆಯೊಂದಿಗೆ ಅದನ್ನು ಸಾರ್ವಜನಿಕರಿಗೆ ಬಿಟ್ಟರು.

ಅವರು ಬಿಡಿಸಿದ ಒಂದು ಕಗ್ಗಂಟನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ನಮ್ಮ ಬೈಠಕ್‌ಗಳಂಥ ದೀರ್ಘ ಧ್ವನಿಮುದ್ರಣಗಳನ್ನು ಸಾಧಾರಣ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಲು ಸಾಧ್ಯವಾದದ್ದು ಅದರಿಂದಲೇ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಆಡಾಸಿಟಿ ಸಾಮಾನ್ಯವಾಗಿ ಬಳಸುವ ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ ಧ್ವನಿಯ ಅಲೆಯನ್ನು ಅಳೆದಿಟ್ಟ 44,100 ಮಾದರಿ, ಪ್ರತಿ ಮಾದರಿಗೆ 32 ಬಿಟ್, ಎರಡು ಚಾನೆಲ್ ಎಂದು ಲೆಕ್ಕ ಹಾಕಿದರೆ ಆ ಒಂದು ಬದಿಗೇ ಸುಮಾರು 950 ಎಂಬಿ ಬೇಕು. ಆಗಿನ ಮನೆಬಳಕೆಯ ಕಂಪ್ಯೂಟರಿನಲ್ಲಿ 64 ಅಥವಾ 128 ಎಂಬಿ ಮೆಮೊರಿ ಇದ್ದರೆ ಅದೇ ಹೆಚ್ಚು. ಇಡೀ ಧ್ವನಿಯನ್ನು ಮೆಮೊರಿಯಲ್ಲಿ ಹಿಡಿದಿಡುವ ಮಾತೇ ಇರಲಿಲ್ಲ. ಡಿಸ್ಕಿನ ಮೇಲೆ ಒಂದೇ ಉದ್ದನೆಯ ಫೈಲಾಗಿ ಇಟ್ಟರೆ, ಆರಂಭದಲ್ಲಿ ಒಂದು ಸೆಕೆಂಡಿನ ಕೆಮ್ಮನ್ನು ಕತ್ತರಿಸಿ ತೆಗೆಯುವುದಕ್ಕೂ ಉಳಿದ 45 ನಿಮಿಷವನ್ನು ಮುಂದಕ್ಕೆ ಸರಿಸಿ ಮತ್ತೆ ಬರೆಯಬೇಕಾಗುತ್ತಿತ್ತು.

ಮಜೋನಿ ಮತ್ತು ಡ್ಯಾನೆನ್‌ಬರ್ಗ್ ಧ್ವನಿಯನ್ನು ಸುಮಾರು ಒಂದೊಂದು ಎಂಬಿಯ ತುಂಡುಗಳಾಗಿ ಒಡೆದು, ಯಾವ ತುಂಡಿನ ನಂತರ ಯಾವುದು ಎಂಬ ಪಟ್ಟಿಯನ್ನು ಮಾತ್ರ ಬೇರೆಯಾಗಿ ಇಟ್ಟರು. ಕೆಮ್ಮು ಇದ್ದ ಒಂದೆರಡು ತುಂಡುಗಳನ್ನಷ್ಟೇ ಹೊಸದಾಗಿ ಬರೆದರೆ ಸಾಕು, ಮಿಕ್ಕವು ಇದ್ದಲ್ಲೇ ಇರುತ್ತವೆ. ತುಂಡುಗಳು ತೀರ ಚಿಕ್ಕವಾಗಿ ಚೂರುಚೂರಾಗದಂತೆಯೂ ತೀರ ದೊಡ್ಡವಾಗದಂತೆಯೂ ಅವುಗಳ ಅಳತೆಯನ್ನು ಒಂದು ಮಿತಿಯೊಳಗೆ ಕಾಯುವ ನಿಯಮವನ್ನೂ ಅವರು ಕೊಟ್ಟರು. ಹಳೆಯ ತುಂಡು ಅಳಿಯದೆ ಉಳಿದಿರುವುದರಿಂದ ಮಾಡಿದ ತಪ್ಪನ್ನು ಎಷ್ಟು ಹೆಜ್ಜೆ ಬೇಕಾದರೂ ಹಿಂದಕ್ಕೆ ಹೋಗಿ ಸರಿಪಡಿಸಬಹುದು. ಇದರಲ್ಲಿ ಒಂದು ತೊಡಕೂ ಇತ್ತು. ಪ್ರಾಜೆಕ್ಟಿನ ಫೈಲು ಚಿಕ್ಕದೊಂದು, ಅದರ ಪಕ್ಕದ ಫೋಲ್ಡರಿನಲ್ಲಿ ನೂರಾರು ತುಂಡುಗಳು; ಚಿಕ್ಕ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಧ್ವನಿಯೇ ಇಲ್ಲವೆಂದು ಕಂಗಾಲಾದವರು ಬಹಳ. ಎಲ್ಲವನ್ನೂ ಒಂದೇ ಫೈಲಿನೊಳಗೆ ಸೇರಿಸುವ ಬದಲಾವಣೆ ಬಂದದ್ದು 2021ರ ಮಾರ್ಚಿನ 3.0 ಆವೃತ್ತಿಯಲ್ಲಿ.

ಮಜೋನಿ ವಿಶ್ವವಿದ್ಯಾಲಯವನ್ನು ಬಿಟ್ಟು ಬೇರೆ ಉದ್ಯೋಗಕ್ಕೆ ಹೋದ ಮೇಲೂ ಯೋಜನೆ ನಿಲ್ಲಲಿಲ್ಲ. ವಾನ್ ಜಾನ್ಸನ್, ಜೇಮ್ಸ್ ಕ್ರೂಕ್, ಪಾಲ್ ಲಿಕಾಮೇಲಿ ಮೊದಲಾದವರು ಬೇರೆ ಬೇರೆ ಕಾಲಘಟ್ಟಗಳಲ್ಲಿ ಅದರ ಹೊರೆ ಹೊತ್ತರು. ಇವರೊಂದಿಗೆ ಕೈಪಿಡಿ ಬರೆದವರು, ಅನುವಾದ ಮಾಡಿದವರು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವ ಬಳಕೆದಾರರಿಗೆ ತಾಳ್ಮೆಯಿಂದ ಉತ್ತರಿಸಿದವರು ಸೇರಿದರೆ ಕೈಗಳ ಸಂಖ್ಯೆ ನೂರನ್ನು ದಾಟುತ್ತದೆ. ಬಹುತೇಕ ಎಲ್ಲರೂ ಹೊಟ್ಟೆಪಾಡಿನ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ, ಸಂಬಳವಿಲ್ಲದೆ ದುಡಿದವರು. 1.2 ಆವೃತ್ತಿ ಬಂದದ್ದು 2004ರಲ್ಲಿ, 2.0 ಬರುವ ಹೊತ್ತಿಗೆ 2012 ಆಗಿತ್ತು. ಆ ಎಂಟು ವರ್ಷವನ್ನು ಕೆಲವರು ಸೋಮಾರಿತನವೆಂದು ಜರೆದರು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ರೀತಿ ನಡೆಯುವ ತಂತ್ರಾಂಶವನ್ನು ಬಿಡುವಿನ ವೇಳೆಯಲ್ಲಿ ಸಾಕುವುದೆಂದರೆ ಏನೆಂದು ಬಲ್ಲವರು ಹಾಗೆ ಹೇಳಲಾರರು ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಕಟ್ಟುಪಾಡೂ ಇತ್ತು. ಎಂಪಿ3 ವಿಧಾನದ ಮೇಲೆ ಪೇಟೆಂಟ್ ಇದ್ದುದರಿಂದ, ಧ್ವನಿಯನ್ನು ಎಂಪಿ3ಗೆ ಬದಲಿಸುವ ಲೇಮ್ ಎಂಬ ಮುಕ್ತ ತಂತ್ರಾಂಶವನ್ನು ಆಡಾಸಿಟಿಯ ಜೊತೆಗೇ ಕೊಡಲು ಸಾಧ್ಯವಿರಲಿಲ್ಲ. ಬಳಕೆದಾರರು ಅದನ್ನು ಬೇರೆ ಕಡೆಯಿಂದ ಇಳಿಸಿಕೊಂಡು ಜೋಡಿಸಿಕೊಳ್ಳಬೇಕಿತ್ತು. ಊರಿನ ನೆಂಟರಿಗೆ ಮೊಬೈಲಿನಲ್ಲಿ ಕೇಳಲು ಕಳಿಸಬೇಕೆಂದರೆ ಎಂಪಿ3 ಬೇಕೇ ಬೇಕು, ಮತ್ತು ಅನೇಕ ಹಿರಿಯರು ಸೋತು ಕೈಬಿಟ್ಟದ್ದು ಆ ಮೆಟ್ಟಿಲಿನಲ್ಲೇ. ಪೇಟೆಂಟುಗಳ ಅವಧಿ 2017ರಲ್ಲಿ ಮುಗಿದ ಬಳಿಕ, 2019ರಿಂದ ಅದು ಒಳಗೇ ಬಂತು.

ಕಟ್ಟಿದವರ ಕಿವಿಗೂ ನಮ್ಮ ಕಿವಿಗೂ ಇರುವ ಅಂತರ ಕಾಣುವುದು ಗೊರಗೊರ ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್ ಎಂಬ ಸೌಲಭ್ಯದಲ್ಲಿ. ಸಂಗೀತವಿಲ್ಲದೆ ಬರಿಯ ಟೇಪಿನ ಸದ್ದಷ್ಟೇ ಇರುವ ಕೆಲವು ಸೆಕೆಂಡನ್ನು ಆರಿಸಿಕೊಟ್ಟರೆ ತಂತ್ರಾಂಶವು ಆ ಸದ್ದಿನಲ್ಲಿ ಯಾವ ಯಾವ ಕಂಪನಾಂಕ ಎಷ್ಟೆಷ್ಟಿದೆ ಎಂದು ಅಳೆದಿಟ್ಟುಕೊಂಡು, ಇಡೀ ಮುದ್ರಣದಲ್ಲಿ ಆ ಮಟ್ಟಕ್ಕಿಂತ ಕೆಳಗಿರುವುದನ್ನು ತಗ್ಗಿಸುತ್ತದೆ. ಆದರೆ ಹಿಂದುಸ್ತಾನಿ ಬೈಠಕ್ಕಿನಲ್ಲಿ ಅಂಥ ಸೆಕೆಂಡು ಎಲ್ಲಿದೆ? ಗಾಯಕರು ಬಾಯಿ ತೆರೆಯುವ ಮೊದಲೇ ತಂಬೂರಿ ಮಿಡಿಯುತ್ತಿರುತ್ತದೆ. ಆಲಾಪಕ್ಕೆ ಮೊದಲಿನ ನಾಲ್ಕು ಸೆಕೆಂಡನ್ನು ಮೌನವೆಂದು ನಂಬಿ ಆರಿಸಿಕೊಟ್ಟರೆ ಯಂತ್ರವು ತಂಬೂರಿಯನ್ನೇ ಗದ್ದಲವೆಂದು ತಿಳಿದು ಅಳಿಸತೊಡಗುತ್ತದೆ, ಗಾಯಕರ ದನಿ ನೀರಿನಡಿಯಿಂದ ಬಂದಂತೆ ಒಂಟಿಯಾಗಿ ಕೇಳುತ್ತದೆ. ಕ್ಯಾಸೆಟ್ಟಿನ ಕೊನೆಯಲ್ಲಿ ಏನೂ ಮುದ್ರಣವಾಗದೆ ಉಳಿದ ಟೇಪಿನಿಂದ ಸದ್ದನ್ನು ಆರಿಸಿ, ಆರು ಡೆಸಿಬಲ್ಲಿಗಿಂತ ಹೆಚ್ಚು ತಗ್ಗಿಸದೆ ಇರುವುದು ನಾನು ಕಂಡುಕೊಂಡ ದಾರಿ. ಡೆಕ್ಕಿನ ವೇಗ ಶೇಕಡಾ 6ರಷ್ಟು ಹೆಚ್ಚಿದ್ದರೆ ಶ್ರುತಿ ಅರ್ಧ ಸ್ವರ ಏರಿ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಒಂದು ಎಂಬುದು ಕರಿ ಒಂದಾಗುತ್ತದೆ; ಅದನ್ನು ಸರಿಪಡಿಸುವ ವೇಗ ಬದಲಾವಣೆಯ ಸೌಲಭ್ಯವೂ ಇದರಲ್ಲಿದೆ.

2021ರ ಏಪ್ರಿಲ್ ಕೊನೆಯಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿ ಆಡಾಸಿಟಿಯನ್ನು ಕೊಂಡಿರುವುದಾಗಿ ಪ್ರಕಟಿಸಿತು. ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ಎಂಬ ಮತ್ತೊಂದು ಮುಕ್ತ ತಂತ್ರಾಂಶ ಅದಾಗಲೇ ಅವರ ಕೈಯಲ್ಲಿತ್ತು. ಅದರ ವಿನ್ಯಾಸವನ್ನು ನೋಡಿಕೊಳ್ಳುತ್ತಿದ್ದ ಮಾರ್ಟಿನ್ ಕೀರಿ ಆಡಾಸಿಟಿಯ ಹೊಣೆಯನ್ನೂ ವಹಿಸಿಕೊಂಡರು. ಅವರು ಕೊಂಡದ್ದಾದರೂ ಏನನ್ನು? ಆಡಾಸಿಟಿ ಎಂಬ ಹೆಸರು ಮಜೋನಿಯವರ ಹೆಸರಿನಲ್ಲಿ ನೋಂದಾಯಿತವಾದ ಟ್ರೇಡ್‌ಮಾರ್ಕ್ ಆಗಿತ್ತು, ಅದನ್ನು ಮಾರಬಹುದು. ಕೋಡಿನ, ಅಂದರೆ ತಂತ್ರಾಂಶವನ್ನು ಬರೆದಿರುವ ಸಾಲುಗಳ, ಸಂಗತಿ ಬೇರೆ. ಅದು ಜಿಪಿಎಲ್ ಎಂಬ ಪರವಾನಗಿಯಡಿ ಹೊರಬಂದದ್ದು. ಆ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಕೋಡನ್ನು ಬಳಸಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. ಒಮ್ಮೆ ಹೀಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಮಾಲೀಕರಿಗೂ ಬರುವುದಿಲ್ಲ. ಹೆಸರಿಗೆ ಒಡೆಯರಿದ್ದರು, ಒಳಗಿನ ಒಂದೊಂದು ಸಾಲಿನ ಹಕ್ಕು ಅದನ್ನು ಬರೆದವರ ಬಳಿಯೇ ಉಳಿದಿತ್ತು.

ಮೇ ತಿಂಗಳಲ್ಲಿ, ತಂತ್ರಾಂಶದ ಬಳಕೆಯ ಮಾಹಿತಿಯನ್ನು ಗೂಗಲ್ ಮತ್ತು ರಷ್ಯಾ ಮೂಲದ ಯಾಂಡೆಕ್ಸ್ ಕಂಪನಿಗಳ ಸೇವೆಗಳ ಮೂಲಕ ಸಂಗ್ರಹಿಸುವ ಪ್ರಸ್ತಾಪವನ್ನು ಹೊಸ ತಂಡ ಮುಂದಿಟ್ಟಿತು. ಬಳಕೆದಾರರು ಒಪ್ಪಿದರೆ ಮಾತ್ರ ಎಂಬ ಷರತ್ತು ಇದ್ದರೂ ಪ್ರತಿರೋಧ ಭುಗಿಲೆದ್ದು, ಪ್ರಸ್ತಾಪ ಹಿಂದಕ್ಕೆ ಹೋಯಿತು. ಇನ್ನು ಮುಂದೆ ಕೋಡು ಕೊಡುವವರು ಅದನ್ನು ಬೇರೆ ಪರವಾನಗಿಯಡಿಯಲ್ಲೂ ಬಳಸುವ ಹಕ್ಕನ್ನು ಕಂಪನಿಗೆ ಬರೆದುಕೊಡಬೇಕೆಂಬ ಒಪ್ಪಂದವೂ ಅದೇ ಸುಮಾರಿಗೆ ಬಂತು. ಜುಲೈನಲ್ಲಿ ಪ್ರಕಟವಾದ ಗೋಪ್ಯತಾ ನೀತಿಯಲ್ಲಿ, ಕಾನೂನು ಜಾರಿ ಸಂಸ್ಥೆಗಳಿಗೆ ಬೇಕಾದ ಮಾಹಿತಿ ಎಂಬ ಅಸ್ಪಷ್ಟ ಮಾತೂ, 13 ವರ್ಷದೊಳಗಿನವರು ಬಳಸಬಾರದೆಂಬ ಸೂಚನೆಯೂ ಇದ್ದವು. ಚಿಕ್ಕಪ್ಪನಿಗೆ ಮುಟ್ಟಿದ ಸುದ್ದಿ ಹುಟ್ಟಿದ್ದು ಇಲ್ಲಿಂದ. ಯಾರು ಬಳಸಬಹುದೆಂಬುದಕ್ಕೆ ಜಿಪಿಎಲ್ ಮಿತಿ ಹಾಕಗೊಡುವುದಿಲ್ಲವಾದ್ದರಿಂದ ವಯಸ್ಸಿನ ಷರತ್ತು ಪರವಾನಗಿಗೇ ವಿರುದ್ಧವೆಂದು ಬಲ್ಲವರು ತೋರಿಸಿಕೊಟ್ಟರು. ಕೆಲವರು ಕೋಡಿನ ಪ್ರತಿ ತೆಗೆದುಕೊಂಡು ಟೆನಾಸಿಟಿ ಎಂಬ ಹೆಸರಿನಲ್ಲಿ ಬೇರೆ ಕವಲನ್ನೇ ಆರಂಭಿಸಿದರು. ಕಂಪನಿ ಕ್ಷಮೆ ಕೇಳಿ, ನೀತಿಯನ್ನು ತಿದ್ದಿ ಬರೆಯಿತು. ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುವುದು ಮತ್ತು ಬಳಕೆದಾರರು ಒಪ್ಪಿದಾಗ ದೋಷದ ವರದಿ ಕಳಿಸುವುದು, ಇವಿಷ್ಟೇ ಉಳಿದವು.

ಜನ ಅಷ್ಟೊಂದು ಕೆರಳಿದ್ದು ಆ ಮಾಹಿತಿಯ ಪ್ರಮಾಣಕ್ಕಲ್ಲ. ಮೊಬೈಲಿನ ಎಷ್ಟೋ ಆ್ಯಪ್‌ಗಳು ಅದಕ್ಕಿಂತ ಹೆಚ್ಚನ್ನು ದಿನವೂ ಎಳೆದುಕೊಳ್ಳುತ್ತವೆ, ನಾವು ಸುಮ್ಮನಿದ್ದೇವೆ. ನೂರಾರು ಜನ ಏನನ್ನೂ ಬೇಡದೆ ಕೊಟ್ಟ ವಸ್ತು ತಮ್ಮದೂ ಹೌದೆಂಬ ಭಾವನೆಗೆ ಪೆಟ್ಟು ಬಿದ್ದದ್ದು ನಿಜವಾದ ಕಾರಣ. ಇಷ್ಟಾದರೂ, ಸಂಬಳ ಕೊಟ್ಟು ಕೆಲಸಗಾರರನ್ನಿಟ್ಟಾಗ ಏನಾಗುತ್ತದೆಂಬುದನ್ನೂ ಪಕ್ಷಪಾತವಿಲ್ಲದೆ ಹೇಳಬೇಕು: ಮಾಡಿದ ಸಂಸ್ಕರಣೆಯನ್ನು ಕೇಳುತ್ತ ಕೇಳುತ್ತಲೇ ಹೊಂದಿಸುವ ಸೌಲಭ್ಯ, ಬಳಕೆದಾರರು ವರ್ಷಗಟ್ಟಲೆ ಬೇಡುತ್ತಿದ್ದದ್ದು, 2022ರ 3.2 ಆವೃತ್ತಿಯಲ್ಲಿ ಬಂತು. ಪರದೆಯ ವಿನ್ಯಾಸಕ್ಕೆ ಆಧಾರವಾಗಿದ್ದ ಹಳೆಯ ಚೌಕಟ್ಟನ್ನು ಬಿಟ್ಟು ಹೊಸದರ ಮೇಲೆ 4ನೆಯ ಆವೃತ್ತಿಯನ್ನು ಕಟ್ಟುವ ಕೆಲಸಕ್ಕೂ ಅವರು ಕೈಹಾಕಿದರು. ಜಿಪಿಎಲ್ ಮಾತ್ರ ಬದಲಾಗಲಿಲ್ಲ. ಆ ಪರವಾನಗಿಯ ಎರಡನೆಯ ಆವೃತ್ತಿಯಿಂದ ಮೂರನೆಯದಕ್ಕೆ ಸರಿಯಿತು, ಅಷ್ಟೇ.

ಚಿಕ್ಕಪ್ಪನ ಮಾತಿಗೆ ನಾನು ಆಡಾಸಿಟಿಯನ್ನು ತೆಗೆದುಹಾಕಲಿಲ್ಲ. ಆದರೆ ಅಂದಿನಿಂದ ಪ್ರತಿಯೊಂದು ಕ್ಯಾಸೆಟ್ಟಿನ ಧ್ವನಿಯನ್ನೂ ಅದರ ಪ್ರಾಜೆಕ್ಟ್ ಫೈಲಿನ ಜೊತೆಗೆ ಬೇರೆ ಅನೇಕ ತಂತ್ರಾಂಶಗಳಲ್ಲೂ ತೆರೆಯಬಹುದಾದ ಫ್ಲ್ಯಾಕ್ ರೂಪದಲ್ಲಿಯೂ ಉಳಿಸುತ್ತಿದ್ದೇನೆ. ಒಂದು ಪ್ರತಿ ಕೊತ್ರೂಡಿನಲ್ಲಿ, ಒಂದು ಪ್ರತಿ ಧಾರವಾಡದಲ್ಲಿ ಚಿಕ್ಕಪ್ಪನ ಕಪಾಟಿನಲ್ಲಿ. ಟ್ರಂಕಿನಲ್ಲಿ ಇನ್ನೂ ಇಪ್ಪತ್ಮೂರು ಕ್ಯಾಸೆಟ್ಟುಗಳು ಬಾಕಿ ಇವೆ.