ಡಿಕನ್ಸ್ ಕಾದಂಬರಿ ಅಷ್ಟು ದಪ್ಪ ಯಾಕೆ?

ಪ್ರಶ್ನೆ: ಎಂ.ಎ. ಇಂಗ್ಲಿಷ್‌ಗೆ ಸೇರಿದ್ದೇನೆ. 19ನೇ ಶತಮಾನದ ಕಾದಂಬರಿಗಳು ಒಂದೊಂದೂ ಇಟ್ಟಿಗೆ ಥರ ಇವೆ. ಅರ್ಧಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತುಹೋಗಿರುತ್ತದೆ. ಗೈಡ್ ಓದಿಕೊಂಡರೆ ಸಾಲದಾ?

ಉತ್ತರ: ಪಾಸಾಗೋಕೆ ಸಾಕಾಗಬಹುದು. ಆದರೆ ತಪ್ಪು ನಿಮ್ಮ ನೆನಪಿನದಲ್ಲ. ಈ ಪುಸ್ತಕಗಳನ್ನು ಆಗಿನವರೂ ಒಂದೇ ಸಲಕ್ಕೆ ಕೂತು ಓದಿದವರಲ್ಲ.

ಆ ಕಾಲದ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್‌ಗೆ ಪದಕ್ಕಿಷ್ಟು ಅಂತ ದುಡ್ಡು ಸಿಗುತ್ತಿತ್ತು, ಅದಕ್ಕೇ ಎಳೆದ ಅನ್ನೋ ಮಾತು ಕ್ಲಾಸಲ್ಲಿ ಕೇಳಿರುತ್ತೀರಿ. ಸುಮ್ನೆ ಹಬ್ಬಿದ ಮಾತು. ಅವನು ಬರೆದದ್ದು ಕಂತುಗಳಲ್ಲಿ. 'ಪಿಕ್‌ವಿಕ್ ಪೇಪರ್ಸ್' 1836–37ರಲ್ಲಿ ತಿಂಗಳಿಗೊಂದು ಕಂತಾಗಿ ಬಂತು, ಕಂತಿಗೆ ಒಂದು ಶಿಲಿಂಗ್. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' 1860ರ ಡಿಸೆಂಬರ್‌ನಿಂದ 36 ವಾರ ಅವನದೇ ವಾರಪತ್ರಿಕೆಯಲ್ಲಿ ಬಂತು. ನಮ್ಮಲ್ಲೂ ವಾರಪತ್ರಿಕೆ ಬಂದ ಕೂಡಲೇ ಮೊದಲು ಧಾರಾವಾಹಿಯ ಪುಟ ತೆಗೆಯುತ್ತಿದ್ದರಲ್ಲ, ಹಾಗೇ.

'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನ ಮೊದಲ ಕಂತು ನೋಡಿ. ಸ್ಮಶಾನದಲ್ಲಿ ಕಾಲಿಗೆ ಕಬ್ಬಿಣ ಬಿಗಿದ ಕೈದಿಯೊಬ್ಬ ಪುಟ್ಟ ಪಿಪ್‌ನನ್ನು ಹಿಡಿಯುತ್ತಾನೆ. ತಿನ್ನೋಕೆ ಏನಾದರೂ ತಾ, ಕಬ್ಬಿಣ ಉಜ್ಜಿ ಕತ್ತರಿಸೋಕೆ ಒಂದು ಅರ ತಾ ಎಂದು ಹೆದರಿಸುತ್ತಾನೆ. ಬೆಳಗಾಗುವ ಹೊತ್ತಿಗೆ ಹುಡುಗ ಎರಡನ್ನೂ ಕದ್ದು ಮಂಜಿನೊಳಕ್ಕೆ ಓಡುತ್ತಾನೆ. ಕಂತು ಅಲ್ಲಿಗೆ ಮುಗೀತು! ಮುಂದೇನು ಅಂತ ಒಂದು ವಾರ ಕಾಯಬೇಕು.

ವಾರ ಕಳೆದರೆ ಪಾತ್ರಗಳು ಮರೆಯುತ್ತವೆ, ಅಲ್ವಾ? ಡಿಕನ್ಸ್‌ಗೂ ಅದು ಗೊತ್ತಿತ್ತು. ಅದಕ್ಕೇ ಒಬ್ಬೊಬ್ಬರಿಗೂ ಒಂದು ಗುರುತು ಅಂಟಿಸಿದ. ವಕೀಲ ಜ್ಯಾಗರ್ಸ್ ಅಂದರೆ ಘಮ್ಮೆನ್ನುವ ಸೋಪಿನ ಕೈ. ಪಿಪ್‌ನ ಅಕ್ಕ ಅಂದರೆ ಸೂಜಿ, ಪಿನ್ನು ಚುಚ್ಚಿದ ಏಪ್ರನ್. ನೀವೂ ಕಂತಿನ ಲೆಕ್ಕದಲ್ಲೇ ಓದಿ, ದಿನಕ್ಕೊಂದೋ ಎರಡೋ. ಟಿಪ್ಪಣಿ ಇರುವ ಕೆಲವು ಮುದ್ರಣಗಳಲ್ಲಿ ಕಂತು ಎಲ್ಲಿ ಮುಗಿಯಿತೆಂದು ಗುರುತು ಹಾಕಿರುತ್ತಾರೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಇನ್ನು ಮೂರು ಸಂಪುಟದ ಕಾದಂಬರಿಗಳು. ಅವುಗಳ ಹಿಂದೆ ಇದ್ದದ್ದು ಲೈಬ್ರರಿ ವ್ಯಾಪಾರ. ಕೊಳ್ಳಲು ಹೋದರೆ ಒಂದು ಕಾದಂಬರಿಗೆ ಮೂವತ್ತೊಂದೂವರೆ ಶಿಲಿಂಗ್. ದುಡ್ಡಿಗೆ ಪುಸ್ತಕ ಎರವಲು ಕೊಡುತ್ತಿದ್ದ ಮ್ಯೂಡಿ ಲೈಬ್ರರಿಯಲ್ಲಿ ವರ್ಷಕ್ಕೆ 21 ಶಿಲಿಂಗ್ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ. ಕಾದಂಬರಿ ಒಂದೇ, ಹಂಚೋದು ಮೂರು ಜನಕ್ಕೆ. 1894ರಲ್ಲಿ ಲೈಬ್ರರಿಗಳೇ ಇಷ್ಟು ಬೆಲೆ ಕೊಡಲ್ಲ ಎಂದವು. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ನಿಂತಿತು.

ನಿಮ್ಮ ಸಿಲಬಸ್‌ನಲ್ಲಿ ವರ್ಜೀನಿಯಾ ವುಲ್ಫ್ ಇದ್ದರೆ ಮಾತ್ರ ಈ ಉಪಾಯ ನಡೆಯಲ್ಲ. 1925ರ 'ಮಿಸೆಸ್ ಡ್ಯಾಲೊವೇ' ಬಂದದ್ದು ಅವಳೂ ಗಂಡನೂ ಸೇರಿ ನಡೆಸುತ್ತಿದ್ದ ಹೋಗಾರ್ತ್ ಪ್ರೆಸ್‌ನಿಂದ. ಕಂತಿನ ಹಂಗಿಲ್ಲ, ಸಂಪುಟದ ಲೆಕ್ಕವಿಲ್ಲ. ಅಧ್ಯಾಯದ ಸಂಖ್ಯೆಯೂ ಇಲ್ಲ. ಲಂಡನ್‌ನಲ್ಲಿ ಜೂನ್ ತಿಂಗಳ ಒಂದೇ ದಿನದ ಕತೆ. ಅದಕ್ಕೆ ಒಂದು ಭಾನುವಾರ ಪೂರ್ತಿ ಎತ್ತಿಡಿ.