ಲಿನಕ್ಸ್ ಉಚಿತವಾದರೆ ವಂತಿಗೆ ಏಕೆ?

ಪ್ರಶ್ನೆ: ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಉಚಿತ ಎನ್ನುತ್ತೀರಿ. ಹಾಗಿದ್ದರೆ ಅದನ್ನು ಹೊಸ ಮ್ಯಾಕ್ ಕಂಪ್ಯೂಟರುಗಳಿಗೆ ಹೊಂದಿಸಲು ತಿಂಗಳು ತಿಂಗಳು ಜನರಿಂದ ಹಣ ಕೇಳುವುದೇಕೆ? ಕೊಟ್ಟವರಿಗೆ ಸಿಗುವುದೇನು?

ಎರಡನೆಯದಕ್ಕೆ ಉತ್ತರ ಚಿಕ್ಕದು: ಕೊಡದವರಿಗೆ ಏನು ಸಿಗುತ್ತದೆಯೋ ಕೊಟ್ಟವರಿಗೂ ಅದೇ. ಮೊದಲನೆಯದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2020ರ ನವೆಂಬರಿನಲ್ಲಿ ಆಪಲ್, ಇಂಟೆಲ್ ಚಿಪ್ಪನ್ನು ಬಿಟ್ಟು ತನ್ನದೇ ಎಂ1 ಚಿಪ್ಪಿನ ಮ್ಯಾಕ್‌ಗಳನ್ನು ಹೊರತಂದಿತು. ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವವರಿಗೆ ಬಾಗಿಲನ್ನೇನೂ ಮುಚ್ಚಲಿಲ್ಲ. ಒಳಗಿನ ಯಂತ್ರಾಂಶದ ಕೈಪಿಡಿಯನ್ನು ಮಾತ್ರ ಕೊಡಲಿಲ್ಲ. ಮನೆಯ ಬೀಗ ತೆಗೆದಿಟ್ಟು, ಯಾವ ಸ್ವಿಚ್ ಯಾವ ದೀಪದ್ದೆಂದು ಹೇಳದೆ ಹೋದ ಹಾಗೆ. ಹಿಂದೆ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರದಲ್ಲಿ ಲಿನಕ್ಸ್ ಓಡಿಸಿದ್ದ ಹೆಕ್ಟರ್ ಮಾರ್ಟಿನ್, ಇದು ಬಿಡುವಿನ ವೇಳೆಯಲ್ಲಿ ಆಗುವ ಕೆಲಸವಲ್ಲವೆಂದು ವಂತಿಗೆ ಕೂಡಿಸುವ ಜಾಲತಾಣ ಪೇಟ್ರಿಯಾನ್ ಮೂಲಕ ತಿಂಗಳ ವಂತಿಗೆ ಕೇಳಿದರು. ಹೊಸ ಮ್ಯಾಕ್‌ಗಳಿಗೆ ಲಿನಕ್ಸನ್ನು ಹೊಂದಿಸುವ ಯೋಜನೆ ಅಸಾಹಿ ಲಿನಕ್ಸ್ ಹುಟ್ಟಿದ್ದು ಹೀಗೆ. (ಮೆಕಿಂಟಾಷ್ ತಳಿಯ ಸೇಬಿಗೆ ಜಪಾನಿನಲ್ಲಿ ಅಸಾಹಿ ಎನ್ನುತ್ತಾರೆ. ಮ್ಯಾಕ್ ಎಂಬ ಹೆಸರಿನ ಮೂಲವೂ ಅದೇ ಹಣ್ಣು.)

ಅಂದರೆ ಆ ಹಣ ವಸ್ತುವಿನ ಬೆಲೆಯಲ್ಲ. ಬಲ್ಲ ಎಂಜಿನಿಯರ್ ಇನ್ನೊಂದು ನೌಕರಿ ಹಿಡಿಯದೆ ಇದನ್ನೇ ಹಿಡಿದು ಕೂರಲೆಂದು ಕೊಡುವ ಸಂಬಳ.

ಕೂತು ಮಾಡುವುದಾದರೂ ಏನು? ತಂಡ ಎಂ1ಎನ್1 ಎಂಬ ಪುಟ್ಟ ತಂತ್ರಾಂಶವನ್ನು ಬರೆಯಿತು. ಆಪಲ್‌ನ ಸ್ವಂತ ಆಪರೇಟಿಂಗ್ ಸಿಸ್ಟಮ್ ಮ್ಯಾಕ್‌ಓಎಸ್ಸನ್ನೇ ಅದರ ಮೇಲೆ ಓಡಿಸಿ, ಅದು ಯಂತ್ರದ ಯಾವ ಭಾಗಕ್ಕೆ ಯಾವಾಗ ಏನು ಹೇಳಿತು ಎಂಬುದನ್ನೆಲ್ಲ ಬರೆದಿಟ್ಟುಕೊಂಡು, ಅದರಿಂದ ಅರ್ಥ ಊಹಿಸುವುದು. ತಪ್ಪಿದರೆ ಮತ್ತೆ ಮೊದಲಿನಿಂದ. 2022ರ ಮಾರ್ಚಿನಲ್ಲಿ ಮೊದಲ ಆಲ್ಫಾ (ಪ್ರಾಯೋಗಿಕ) ಆವೃತ್ತಿ ಬಂದಾಗ ಗ್ರಾಫಿಕ್ಸ್ ವೇಗವೂ ಇರಲಿಲ್ಲ, ಲ್ಯಾಪ್‌ಟಾಪಿನ ಸ್ಪೀಕರೂ ಮೌನವಾಗಿತ್ತು. ಗ್ರಾಫಿಕ್ಸ್ ಚಾಲಕ (ಪರದೆಯ ಚಿತ್ರಗಳನ್ನು ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ) ಜನರ ಕೈಗೆ ಸಿಕ್ಕಿದ್ದು ಆ ವರ್ಷದ ಡಿಸೆಂಬರಿನಲ್ಲಿ. 2024ರಲ್ಲಿ ಅದು ಗ್ರಾಫಿಕ್ಸಿನ ಮಾನದಂಡವಾದ ಓಪನ್‌ಜಿಎಲ್‌ನ 4.6ನೇ ಆವೃತ್ತಿಯ ಮಾನ್ಯತೆ ಪಡೆಯಿತು. ಆಪಲ್ ತನ್ನದೇ ಮ್ಯಾಕ್‌ಓಎಸ್ಸಿನಲ್ಲಿ 4.1ಕ್ಕೇ ನಿಂತಿದೆ!

ಸ್ಪೀಕರಿನ ಕಥೆ ನನಗೆ ಇನ್ನೂ ಇಷ್ಟ. ಈ ಪುಟ್ಟ ಸ್ಪೀಕರುಗಳಿಗೆ ಅಳತೆ ಮೀರಿ ವಿದ್ಯುತ್ ಹರಿಸಿದರೆ ಸುರುಳಿ ಸುಟ್ಟುಹೋಗುತ್ತದೆ. ಹೋಗದಂತೆ ಕಾಯುವುದು ತಂತ್ರಾಂಶದ ಹೊಣೆ. ಆದ್ದರಿಂದ ಸುರುಳಿಯ ಶಾಖವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ದನಿ ತಗ್ಗಿಸುವ ಕಾವಲುಗಾರನನ್ನೇ ಬರೆಯಬೇಕಾಯಿತು. ಬಳಸುವವನಿಗೆ ಕೇಳಿಸುವುದು ಒಂದು ಹಾಡು, ಅಷ್ಟೇ. ಇದಕ್ಕೆ ತಿಂಗಳುಗಟ್ಟಲೆ ಸಂಬಳ ಬೇಕಾಯಿತೆಂದರೆ ಯಾರು ನಂಬುತ್ತಾರೆ?

ಇಷ್ಟಾದ ಮೇಲೂ ಕೆಲಸ ಮುಗಿಯುವುದಿಲ್ಲ. ಲಿನಕ್ಸಿನ ತಿರುಳು (ಕರ್ನೆಲ್) ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಅದರೊಳಗೆ ಸೇರದೆ ಹೊರಗುಳಿದ ಭಾಗಗಳನ್ನು ಪ್ರತಿ ಸಲವೂ ಹೊಂದಿಸಬೇಕು. ಅತ್ತ ಆಪಲ್ ಎಂ2, ಎಂ3 ಎಂದು ಮುಂದೆ ಓಡುತ್ತಿರುತ್ತದೆ. ಒಮ್ಮೆಗೇ ದೊಡ್ಡ ಮೊತ್ತ ಎತ್ತಿ ಕೈತೊಳೆದುಕೊಳ್ಳದೆ ತಿಂಗಳ ಲೆಕ್ಕದಲ್ಲಿ ಕೇಳುವುದು ಇದಕ್ಕೇ.

ಈ ವ್ಯವಸ್ಥೆಯ ದುರ್ಬಲ ಕೊಂಡಿ ಬಯಲಾದದ್ದು 2025ರ ಫೆಬ್ರವರಿಯಲ್ಲಿ. ಮಾರ್ಟಿನ್ ನಾಯಕತ್ವ ಬಿಟ್ಟರು. ಲಿನಕ್ಸ್ ತಿರುಳಿನ ನಿರ್ವಾಹಕರೊಂದಿಗಿನ ಜಗಳಗಳು ಒಂದು ಕಾರಣ. ಥಂಡರ್‌ಬೋಲ್ಟ್ (ಹೊರಗಿನ ಸಾಧನ ಜೋಡಿಸುವ ವೇಗದ ಸಂಪರ್ಕ) ಯಾವಾಗ, ಎಂ3 ಯಾವಾಗ ಎಂದು ಬಳಕೆದಾರರು ಬಿಡದೆ ಪೀಡಿಸಿದ್ದು ಇನ್ನೊಂದು. ಕೆಲಸ ಕೂಡಿಬರುತ್ತ ಹೋದಂತೆ ವಂತಿಗೆ ಇಳಿಯುತ್ತ ಹೋಯಿತೆಂಬ ನೋವನ್ನೂ ಅವರು ತೋಡಿಕೊಂಡರು. ಯಂತ್ರ ಸರಿಯಾಗಿ ನಡೆಯತೊಡಗಿದರೆ ಕೊಡುವವನಿಗೆ ಅವಸರ ಎಲ್ಲಿರುತ್ತದೆ! ಆಮೇಲೆ ತಂಡದ ಹಲವರು ಸೇರಿ ಹೊಣೆ ಹೊತ್ತು, ಹಣ ಕೂಡಿಸುವುದನ್ನು ಓಪನ್ ಕಲೆಕ್ಟಿವ್ ಎಂಬ ಜಾಲತಾಣಕ್ಕೆ ಬದಲಾಯಿಸಿದರು. ಅಲ್ಲಿ ಜಮೆ, ಖರ್ಚು ಯಾರು ಬೇಕಾದರೂ ನೋಡಬಹುದು.

ಇಂಥ ಯಾವುದೇ ಯೋಜನೆಗೆ ಕೊಡುವ ಮುನ್ನ ನಾನಾದರೆ ಲೆಕ್ಕ ಬಹಿರಂಗವಾಗಿದೆಯೇ, ಬರೆದ ಕೋಡ್ ಮುಖ್ಯ ಲಿನಕ್ಸಿಗೆ ಸೇರುತ್ತಿದೆಯೇ ಎಂದು ನೋಡುತ್ತೇನೆ. ಸೇರಿದ್ದರೆ ತಂಡ ಚದುರಿದರೂ ಕೆಲಸ ಉಳಿಯುತ್ತದೆ. ಮುಂದೆಂದೋ ಬರಲಿರುವ ಸೌಲಭ್ಯವನ್ನು ನಂಬಿ ಹಣ ಹಾಕುವುದಿಲ್ಲ, ನೀವೂ ಹಾಕಬೇಡಿ. ನಿಮ್ಮದು ಎಂ1 ಅಥವಾ ಎಂ2 ಮ್ಯಾಕ್ ಆಗಿದ್ದರೆ ಬೆಂಬಲದ ಪಟ್ಟಿ ನೋಡಿಕೊಂಡು, ಬೇಕಾದ ಕಡತಗಳ ಪ್ರತಿ ತೆಗೆದಿಟ್ಟು, ಅಸಾಹಿಯ ಲಿನಕ್ಸ್ ಆವೃತ್ತಿಯಾದ ಫೆಡೋರಾ ಅಸಾಹಿ ರೀಮಿಕ್ಸನ್ನು ಮ್ಯಾಕ್‌ಓಎಸ್ಸಿನ ಪಕ್ಕದಲ್ಲೇ ಹಾಕಿಕೊಂಡು ಒಂದು ತಿಂಗಳು ಬಳಸಿ ನೋಡಿ. ಹಣ ಕಳಿಸುವ ವಿಚಾರ ಆಮೇಲೆ.