ನಿಮ್ಮ ಮೆಸೇಜ್ ಓದಲು ಸಹಿ ಹಾಕುವವರು ಯಾರು?

ಖಾಸಗಿತನದ ವಿಚಾರಕ್ಕೆ ನಮ್ಮ ಕಚೇರಿಗೆ ಬರುವ ಕಕ್ಷಿದಾರರು ಜಾಸ್ತಿ ದೂರುವುದು ಆ್ಯಪ್‌ಗಳನ್ನೇ. ಸಾಲದ ಆ್ಯಪ್ ಕಾಂಟ್ಯಾಕ್ಟ್‌ಗಳನ್ನೆಲ್ಲ ಎಳೆದುಕೊಂಡಿತು, ಅಂಗಡಿಯವರು ಸುಮ್ನೆ ನಂಬರ್ ಕೇಳಿದರು, ಹೀಗೆ. ಸರ್ಕಾರ ನಮ್ಮ ಮೆಸೇಜ್ ಓದಬಹುದಾ, ಅದಕ್ಕೆ ಯಾರ ಒಪ್ಪಿಗೆ ಬೇಕು ಎಂದು ಕೇಳುವವರು ತೀರಾ ಕಡಿಮೆ.

ಓದಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 69ನೇ ಸೆಕ್ಷನ್ ಪ್ರಕಾರ, ದೇಶದ ಭದ್ರತೆ, ಅಪರಾಧದ ತನಿಖೆಯಂಥ ಕಾರಣಗಳಿಗೆ ಅದಕ್ಕೆ ಅವಕಾಶವಿದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಕೆಲಸಕ್ಕೆ 10 ಸಂಸ್ಥೆಗಳನ್ನು ಹೆಸರಿಸಿತು. ಕೇಳಿದಾಗ ಲಾಕ್ ತೆಗೆದುಕೊಡದಿದ್ದರೆ 7 ವರ್ಷದವರೆಗೆ ಜೈಲು. (ಫೋನ್ ಕರೆಗೆ ಬೇರೆ ಕಾಯ್ದೆಯಿದೆ. ಪದ್ಧತಿ ಹೆಚ್ಚುಕಡಿಮೆ ಇದೇ.)

ಆದೇಶಕ್ಕೆ ಸಹಿ ಹಾಕುವವರು ಸಾಮಾನ್ಯವಾಗಿ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ನ್ಯಾಯಾಧೀಶರ ಮುಂದೆ ಕಡತ ಹೋಗುವುದೇ ಇಲ್ಲ. 2009ರ ನಿಯಮಗಳ ಪ್ರಕಾರ ಆದೇಶ 60 ದಿನ ನಡೆಯುತ್ತದೆ, ಒಟ್ಟು 180 ದಿನದವರೆಗೆ ಎಳೆಯಬಹುದು. 2 ತಿಂಗಳಿಗೊಮ್ಮೆ ಒಂದು ಸಮಿತಿ ಇದನ್ನು ಪರಿಶೀಲಿಸಬೇಕು. ಆ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ! ನಿಗಾಕ್ಕೆ ಒಳಗಾದವರಿಗೆ ಮಾತ್ರ ಯಾರೂ, ಯಾವತ್ತೂ ತಿಳಿಸಬೇಕಿಲ್ಲ. ಗೊತ್ತೇ ಇಲ್ಲದ ಆದೇಶವನ್ನು ಕೋರ್ಟಿನಲ್ಲಿ ಹೇಗೆ ಪ್ರಶ್ನಿಸುವುದು? ಚಾರ್ಜ್‌ಶೀಟಿನಲ್ಲಿ ಆ ದಾಖಲೆ ಕಂಡ ಆರೋಪಿಗೆ ಒಂದು ದಾರಿಯುಂಟು. ಯಾವ ಕೇಸೂ ಇಲ್ಲದವರಿಗೆ ಅದೂ ಇಲ್ಲ.

2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಲೇ ಅವರಿಗೆ 80 ದಾಟಿತ್ತು. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಅದಕ್ಕೆ ಸರ್ಕಾರ ಕೈಹಾಕುವುದಾದರೆ ಕಾನೂನಿನ ಬಲವಿರಬೇಕು, ಉದ್ದೇಶ ಸರಿಯಿರಬೇಕು, ಬೇಕಾದಷ್ಟಕ್ಕೇ ನಿಲ್ಲಬೇಕು. ಬೇಕಾದಷ್ಟಕ್ಕೇ ನಿಂತಿತೇ ಎಂದು ಹೊರಗಿನವರೊಬ್ಬರು ನೋಡಬೇಕಲ್ವಾ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ಸರಿಪಡಿಸಲಿಲ್ಲ. ದತ್ತಾಂಶ ಕಾಪಾಡದ ಕಂಪನಿಗೆ ಅದು 250 ಕೋಟಿ ರೂಪಾಯಿವರೆಗೆ ದಂಡ ಹಾಕುತ್ತದೆ. ಆದರೆ ಭದ್ರತೆಯ ಹೆಸರಿನಲ್ಲಿ ಸರ್ಕಾರ ತನ್ನ ಸಂಸ್ಥೆಗಳನ್ನು ಇಡೀ ಕಾಯ್ದೆಯಿಂದಲೇ ಹೊರಗಿಡಬಹುದು. ನನಗೆ ಇದು ಒಪ್ಪಿಗೆಯಿಲ್ಲ.

ಬ್ರಿಟನ್ನಿನ 2016ರ ಕಾಯ್ದೆಯಲ್ಲಿ ಮಂತ್ರಿ ಸಹಿ ಹಾಕಿದ ವಾರಂಟನ್ನು ನ್ಯಾಯಾಂಗದ ಕಮಿಷನರ್ (ಹಾಲಿ ಅಥವಾ ಮಾಜಿ ಹಿರಿಯ ನ್ಯಾಯಾಧೀಶರು) ಕೂಡ ಒಪ್ಪಬೇಕು. ಅಮೆರಿಕದಲ್ಲಿ ಸಾಮಾನ್ಯ ಅಪರಾಧ ಪ್ರಕರಣಗಳಲ್ಲಿ ನಿಗಾ ಮುಗಿದು 90 ದಿನದೊಳಗೆ ಆ ವ್ಯಕ್ತಿಗೆ ತಿಳಿಸಬೇಕು. ಕೋರ್ಟು ಬೇಕಿದ್ದರೆ ಅದನ್ನು ಮುಂದೂಡಬಹುದು. ಮೊದಲೇ ತಿಳಿಸಿದರೆ ಕಳ್ಳ ಓಡಿಹೋಗುತ್ತಾನೆ ಎಂಬ ವಾದ ನಾನೂ ಒಪ್ಪುತ್ತೇನೆ. ನಾವು ಕೇಳುತ್ತಿರುವುದು ಎಲ್ಲ ಮುಗಿದ ಮೇಲೆ ಒಂದು ಪತ್ರ, ಶುರುವಿಗೆ ಮೊದಲು ಒಬ್ಬ ನ್ಯಾಯಾಧೀಶರ ಸಹಿ.